ತಾರೆಗಳ ಆಟ, ಮೇಳದ ಪಾಡು

ಕಳೆದ ಚಳಿಗಾಲದಲ್ಲಿ ಹೊನ್ನಾವರ ತಾಲ್ಲೂಕಿನ ನಮ್ಮೂರಿನಲ್ಲಿ ಒಂದು ಸಂಸ್ಮರಣಾ ಯಕ್ಷಗಾನ ನಡೆಯಿತು. ಅಗಲಿದ ಹಿರಿಯ ಕಲಾವಿದರೊಬ್ಬರ ನೆನಪಿಗೆ ಊರವರು ವರ್ಷಕ್ಕೊಮ್ಮೆ ನಡೆಸುವ ಆಟ. ನಿವೃತ್ತನಾದ ಮೇಲೆ ವರ್ಷದ ಕೆಲವು ತಿಂಗಳು ಊರಿನಲ್ಲಿಯೇ ಇರುವ ನನ್ನನ್ನು, ಸರ್ಕಾರದ ಹಣಕಾಸಿನ ಕಡತಗಳಲ್ಲಿ ಬಾಳು ಕಳೆದವನೆಂಬ ಕಾರಣಕ್ಕೆ, ಸಮಿತಿಯವರು ಖಜಾಂಚಿಯನ್ನಾಗಿ ಮಾಡಿದ್ದರು. ಹೀಗಾಗಿ ಆ ರಾತ್ರಿಯನ್ನು ನಾನು ಎರಡು ಕಡೆಯಿಂದ ನೋಡಬೇಕಾಯಿತು: ಕುರ್ಚಿಯಲ್ಲಿ ಕುಳಿತ ಪ್ರೇಕ್ಷಕನಾಗಿ ಮತ್ತು ಲೆಕ್ಕದ ಪುಸ್ತಕ ಹಿಡಿದವನಾಗಿ. ಎರಡು ನೋಟಗಳೂ ಒಂದಕ್ಕೊಂದು ಹೊಂದಲಿಲ್ಲ. ಈ ಲೇಖನಕ್ಕೆ ಆ ಹೊಂದದಿರುವಿಕೆಯೇ ಕಾರಣ.

ಪ್ರೇಕ್ಷಕನಾಗಿ ನನಗೆ ದೊರೆತದ್ದು ಸಂತೋಷವೇ. ಆಮಂತ್ರಣ ಪತ್ರಿಕೆಯಲ್ಲಿ ಹದಿನಾಲ್ಕು ಭಾವಚಿತ್ರಗಳಿದ್ದವು. ನಾಲ್ಕು ಬೇರೆ ಬೇರೆ ಮೇಳಗಳ ಪ್ರಧಾನ ವೇಷಧಾರಿಗಳು, ಮೂವರು ಭಾಗವತರು, ಇಬ್ಬರು ಹೆಸರಾಂತ ಮದ್ದಲೆಗಾರರು. ಪ್ರಸಂಗದ ನಾಯಕನ ಪಾತ್ರವನ್ನು ಮೂವರು ಹಂಚಿಕೊಂಡರು. ಪ್ರವೇಶಕ್ಕೆ ಒಬ್ಬರು, ಶೃಂಗಾರದ ಪದ್ಯಗಳಿಗೆ ಇನ್ನೊಬ್ಬರು, ಯುದ್ಧಕ್ಕೆ ಮತ್ತೊಬ್ಬರು. ಹನ್ನೊಂದೂಕಾಲಿಗೆ ಕಾರಿನಿಂದಿಳಿದ ಕಲಾವಿದರೊಬ್ಬರು ನಲವತ್ತು ನಿಮಿಷ ಕುಣಿದು, ಸನ್ಮಾನದ ಶಾಲು ಹೊದ್ದು, ಬಣ್ಣವನ್ನೂ ಪೂರ್ತಿ ತೆಗೆಯದೆ ಕುಮಟೆಯ ಕಡೆಗೆ ಹೊರಟರು. ಅಲ್ಲಿ ಅವರಿಗೆ ಇನ್ನೊಂದು ವೇಷ ಕಾದಿತ್ತು. ಮೈದಾನ ತುಂಬಿತ್ತು. ಬೆಂಗಳೂರಿನಿಂದ, ಮುಂಬೈಯಿಂದ ಊರಿಗೆ ಬಂದಿದ್ದ ಯುವಕರು ಮೊಬೈಲ್ ಎತ್ತಿ ಹಿಡಿದು ಚಿತ್ರೀಕರಿಸುತ್ತಿದ್ದರು. ಯಕ್ಷಗಾನಕ್ಕೆ ಪ್ರೇಕ್ಷಕರಿಲ್ಲವೆಂದು ಯಾರಾದರೂ ಹೇಳಿದ್ದರೆ ಆ ರಾತ್ರಿ ಅವರನ್ನು ಕರೆತಂದು ತೋರಿಸಬಹುದಿತ್ತು.

ಖಜಾಂಚಿಯಾಗಿ ನನಗೆ ಕಂಡದ್ದು ಬೇರೆ. ಖರ್ಚಾದ ಪ್ರತಿ ಹತ್ತು ರೂಪಾಯಿಯಲ್ಲಿ ಸುಮಾರು ಆರು ರೂಪಾಯಿ ಐದಾರು ಕಲಾವಿದರಿಗೆ ಸಂದಿತ್ತು. ಉಳಿದುದರಲ್ಲಿ ಬಹುಪಾಲು ಧ್ವನಿವರ್ಧಕ, ದೀಪ, ಮಂಟಪ, ಮುದ್ರಣ, ಊಟಗಳಿಗೆ. ಸಣ್ಣ ವೇಷಗಳನ್ನು ಕಟ್ಟಿದ ಎಂಟು ಮಂದಿಗೆ ಎಲ್ಲ ಸೇರಿ ಸಂದದ್ದು ಹತ್ತರಲ್ಲಿ ಐವತ್ತು ಪೈಸೆಗೂ ಕಡಿಮೆ. ಚೌಕಿಯಲ್ಲಿ ಹಣದ ಲಕೋಟೆ ಹಂಚುವಾಗ, ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಕೇಳಿದೆ: "ಈ ವರ್ಷ ಎಷ್ಟು ಆಟ ಆತು ತಮಾ?"

"ಇಪ್ಪತ್ತಾರು ಆತು ಮಾವ" ಎಂದ. ಪಕ್ಕದಲ್ಲಿ ಕುಳಿತಿದ್ದ ಹಿರಿಯ ವೇಷಧಾರಿ ನಕ್ಕರು. "ನಮ್ಮ ಕಾಲದಲ್ಲಿ ದೀಪಾವಳಿಗೆ ಕಟ್ಟಿದ ಗೆಜ್ಜೆ ಮಳೆ ಬಿದ್ದಮೇಲೇ ಬಿಚ್ಚುದು" ಎಂದರು. ಅಂದರೆ ಆರು ತಿಂಗಳು, ಸುಮಾರು ನೂರ ಎಂಬತ್ತು ರಾತ್ರಿ. ಇಪ್ಪತ್ತಾರಕ್ಕೂ ನೂರ ಎಂಬತ್ತಕ್ಕೂ ನಡುವಣ ಅಂತರ ಆ ರಾತ್ರಿಯಿಂದ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ.

ಈ ಬಗೆಯ ಆಟಗಳು ನಮ್ಮೂರಿಗೆ ಸೀಮಿತವಲ್ಲ. ಕಾಳಿಂಗ ನಾವಡರ ನೆನಪಿನ ರಾತ್ರಿಗಳು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರಿನ ಸಪ್ತಾಹ, 2024ರಲ್ಲಿ ತೀರಿಕೊಂಡ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರ ಸ್ಮರಣೆ, ಮಳೆಗಾಲದಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆಯುವ ಕೂಡಾಟಗಳು, ಮುಂಬೈಯ ಕನ್ನಡ ಸಂಘಗಳ ವೇದಿಕೆಗಳು: ಎಲ್ಲೆಡೆ ಮಾದರಿ ಒಂದೇ. ಒಂದು ಹೆಸರಿನ ಸುತ್ತ ಬೇರೆ ಬೇರೆ ಮೇಳಗಳ ಪ್ರಸಿದ್ಧರನ್ನು ಒಂದು ರಾತ್ರಿಗೆ ಸೇರಿಸುವುದು. ಮುಂದಿನ ಊರಿನಲ್ಲಿ, ಮುಂದಿನ ವರ್ಷದಲ್ಲಿ ಆ ಪಟ್ಟಿ ಬದಲಾಗುವುದು. ಹೆಸರು ಸ್ಥಿರ, ಕೂಟ ಅಸ್ಥಿರ.

ಪಾಶ್ಚಾತ್ಯ ಜಗತ್ತಿಗೂ ಇದು ಹೊಸತಲ್ಲ. 1970ರಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರಿನಲ್ಲಿ ಅಮೆರಿಕದಲ್ಲಿ 'ಎಕ್ಸ್‌ಪೀರಿಯೆನ್ಸ್ ಹೆಂಡ್ರಿಕ್ಸ್' ಎಂಬ ಸಂಗೀತ ಪ್ರವಾಸ ನಡೆದುಬಂದಿದೆ. 1995ರಲ್ಲಿ ಅವನ ಹುಟ್ಟೂರು ಸಿಯಾಟಲ್‌ನಲ್ಲಿ ಒಂದು ಸ್ಮರಣೆಯ ಕಾರ್ಯಕ್ರಮವಾಗಿ ಆರಂಭವಾದದ್ದು ಮುಂದಿನ ದಶಕದಲ್ಲಿ ಊರೂರು ಸುತ್ತುವ ತಿರುಗಾಟವಾಯಿತು. ಬಡ್ಡಿ ಗೈ ಅಂಥ ಹಿರಿಯರಿಂದ ಹಿಡಿದು ಕಿರಿಯ ಗಿಟಾರ್ ವಾದಕರವರೆಗೆ ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಪ್ರಸಿದ್ಧರು. ನುಡಿಸುವುದು ಮಾತ್ರ ಒಬ್ಬನ ಹಾಡುಗಳನ್ನು. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಪ್ರತಿಭೆ ಜನರ ನೆನಪಿನಲ್ಲಿ ಹೇಗೆ ಬೆಳೆಯುತ್ತದೆಂಬುದನ್ನು ನಾವೂ ಬಲ್ಲೆವು. ಗುಂಡ್ಮಿಯ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡರ ಆಸುಪಾಸು. ಮೂರೂವರೆ ದಶಕಗಳ ಅನಂತರವೂ ಅವರ ಧ್ವನಿಯನ್ನು ಅನುಕರಿಸದ ಬಡಗಿನ ಎಳೆಯ ಭಾಗವತರು ವಿರಳ.

ಆದರೆ ಆ ಪ್ರವಾಸಕ್ಕೂ ನಮ್ಮ ಕೂಡಾಟಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಹೆಂಡ್ರಿಕ್ಸ್‌ನ ಸಂಗೀತದ ಹಕ್ಕುಗಳು ಅವನ ಕುಟುಂಬದ ಸಂಸ್ಥೆಯ ಬಳಿ ಇವೆ. ಸ್ಮರಣೆಯಿಂದ ಬಂದ ಹಣದಲ್ಲಿ ಒಂದು ಪಾಲು ಸ್ಮರಿಸಲ್ಪಟ್ಟವನ ಮನೆಗೆ ತಲಪುತ್ತದೆ. ಅಲ್ಲಿ ನುಡಿಸುವವರು ಆ ಸಂಗೀತವನ್ನು ಧ್ವನಿಮುದ್ರಿಕೆ ಕೇಳಿ, ತಮ್ಮ ಕೋಣೆಯಲ್ಲಿ ಕುಳಿತು ಕಲಿಯಬಲ್ಲರು. ಚಿಟ್ಟಾಣಿಯವರ ಭಸ್ಮಾಸುರನ ಕುಣಿತಕ್ಕೆ ಹಕ್ಕುಸ್ವಾಮ್ಯವಿಲ್ಲ, ಇರಲೂಬಾರದು. ಅದನ್ನು ಯೂಟ್ಯೂಬ್ ನೋಡಿ ಕಲಿಯುವುದೂ ಸಾಧ್ಯವಿಲ್ಲ. ಭಾಗವತನ ಪದ್ಯ ಎಲ್ಲಿ ತಿರುಗುತ್ತದೆ, ಮದ್ದಲೆಯವನು ಎಲ್ಲಿ ಕೈ ಬಿಡುತ್ತಾನೆ, ಚೆಂಡೆ ಎಲ್ಲಿ ಏರುತ್ತದೆ, ಎದುರಿನ ವೇಷ ಎಷ್ಟು ಮಾತು ಬಿಟ್ಟುಕೊಡುತ್ತದೆ ಎಂಬುದು ರಂಗದ ಮೇಲೆ, ನಿದ್ದೆಗೆಟ್ಟ ರಾತ್ರಿಗಳಲ್ಲಿ, ಸಾವಿರ ಸಲ ತಪ್ಪಿ ತಿದ್ದಿಕೊಂಡು ಬರುವ ವಿದ್ಯೆ. ಆ ವಿದ್ಯೆಯನ್ನು ಕೊಡುತ್ತಿದ್ದ ಶಾಲೆಯ ಹೆಸರು ಮೇಳ.

ಮೇಳದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ನಗರದ ಓದುಗರಲ್ಲಿ ಅನೇಕರು ಆಟದ ಕೊನೆಯ ಎರಡು ಗಂಟೆಗಳನ್ನು ಮಾತ್ರ ನೋಡಿರುತ್ತಾರೆ. ಎಳೆಯ ಹುಡುಗ ಮೊದಲು ಕೋಡಂಗಿಯಾಗಿ ರಂಗಕ್ಕೆ ಬರುತ್ತಿದ್ದ. ಆಮೇಲೆ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ದೂತ, ಸೇನಾಪತಿ. ಕೆಲವು ವರ್ಷಗಳ ಮೇಲೆ ಪುಂಡುವೇಷ, ಅನಂತರ ಮೂರನೆಯ, ಎರಡನೆಯ ವೇಷಗಳು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅವನು ಮೇಲಿನ ವೇಷದವರ ಮಾತು, ಅಭಿನಯಗಳನ್ನು ನೂರಾರು ರಾತ್ರಿ ಪಕ್ಕದಲ್ಲೇ ನಿಂತು ಕಂಡಿರುತ್ತಿದ್ದ. ಯಾರಾದರೂ ಜ್ವರದಿಂದ ಮಲಗಿದರೆ ಆ ರಾತ್ರಿ ಅವನ ಅದೃಷ್ಟ ತೆರೆಯುತ್ತಿತ್ತು. ಈ ಏಣಿಯ ಕೆಳಗಿನ ಮೆಟ್ಟಿಲುಗಳು ಪ್ರೇಕ್ಷಕರಿಗೆ ಬೇಸರ ತರುವಂಥವು. ಅಲ್ಲಿ ಆಗ ಕುಣಿಯುವವನಿಗೆ ಕುಣಿತ ಬರುವುದಿಲ್ಲ. ಬರುವುದಿಲ್ಲವೆಂದೇ ಅವನು ಅಲ್ಲಿರುವುದು.

ನಮ್ಮ ತಾಲ್ಲೂಕಿನ ಗುಂಡಬಾಳದಲ್ಲಿ ಮುಖ್ಯಪ್ರಾಣ ದೇವರ ಎದುರು ನಡೆಯುವ ಹರಕೆಯ ಆಟಗಳನ್ನು ಬಲ್ಲವರಿಗೆ ಈ ಮಾತು ಬೇಗ ತಿಳಿಯುತ್ತದೆ. ಅಲ್ಲಿ ಆಟವಾಡಿಸುವವನು ಹರಕೆ ಹೊತ್ತ ಭಕ್ತ, ನೋಡುವವನು ದೇವರು. ಎದುರಿಗೆ ಇಪ್ಪತ್ತು ಮಂದಿ ಕುಳಿತಿರಲಿ, ಇಬ್ಬರೇ ಇರಲಿ, ಆಟ ನಡೆಯುತ್ತದೆ. ಯಾವ ಕಲಾವಿದ ಬಂದಿದ್ದಾನೆಂದು ಕೇಳಿ ಯಾರೂ ಹರಕೆ ಹೇಳಿಕೊಳ್ಳುವುದಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿನ ಬೇಡಿಕೆ ತಾರಾಮೌಲ್ಯವನ್ನು ಅವಲಂಬಿಸಿಲ್ಲ. ಆದ್ದರಿಂದ ಕಲಿಯುವವನಿಗೆ ಅಲ್ಲಿ ಜಾಗವಿದೆ. ಚಿಟ್ಟಾಣಿಯವರೂ ತಮ್ಮ ಆರಂಭದ ದಿನಗಳಲ್ಲಿ ಗುಂಡಬಾಳದಲ್ಲಿ ಹೆಜ್ಜೆ ಹಾಕಿದವರೇ. 2012ರಲ್ಲಿ ಪದ್ಮಶ್ರೀ ಪಡೆದ ಆ ಕಾಲುಗಳು ಪಳಗಿದ್ದು ಯಾರೂ ಚಪ್ಪಾಳೆ ತಟ್ಟದ ರಾತ್ರಿಗಳಲ್ಲಿ. ದಕ್ಷಿಣಕ್ಕೆ ಮಂದಾರ್ತಿ, ಕಟೀಲು ಮೊದಲಾದ ದೇವಸ್ಥಾನಗಳ ಮೇಳಗಳಿಗೆ ಹರಕೆಯ ಆಟಗಳು ವರ್ಷಗಟ್ಟಲೆ ಮುಂಚಿತವಾಗಿ ನಿಗದಿಯಾಗಿರುತ್ತವೆ. ಉತ್ತರ ಕನ್ನಡದ ಕರಾವಳಿಯಲ್ಲಿ ಅಷ್ಟು ದೊಡ್ಡ ಹರಕೆಯ ಆಸರೆ ಇಲ್ಲ. ಬಡಾಬಡಗಿನ ಕಲಾವಿದ ಹೆಚ್ಚಾಗಿ ಪ್ರೇಕ್ಷಕನನ್ನೂ ಪ್ರಾಯೋಜಕನನ್ನೂ ನಂಬಬೇಕು. ತಾರೆಗಳ ಆಟದ ಪರಿಣಾಮ ನಮ್ಮ ಕಡೆ ಹೆಚ್ಚು ತೀವ್ರವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಭಾವನೆ.

ಡೇರೆ ಮೇಳಗಳ ಕಾಲದಲ್ಲಿ ಈ ಖರ್ಚನ್ನು ಟಿಕೆಟ್ ಕೊಂಡ ಪ್ರೇಕ್ಷಕ ಭರಿಸುತ್ತಿದ್ದ. ಎರಡು ಪ್ರಸಿದ್ಧ ವೇಷಗಳನ್ನು ನೋಡಲು ಬಂದವನ ಹಣದಲ್ಲಿ ಇಡೀ ಮೇಳದ ಊಟ ನಡೆಯುತ್ತಿತ್ತು. ಕೋಡಂಗಿಯೂ ಅದರಲ್ಲಿ ಸೇರಿದ್ದ. ಇದು ಒಂದು ಬಗೆಯ ಒಳ ಸಹಾಯಧನ. ಯಜಮಾನ ಅದನ್ನು ಧರ್ಮಕ್ಕಾಗಿ ಮಾಡುತ್ತಿರಲಿಲ್ಲ. ನಾಳಿನ ಎರಡನೆಯ ವೇಷ ತನ್ನ ಮೇಳದಲ್ಲಿಯೇ ತಯಾರಾಗಬೇಕೆಂಬ ಲೆಕ್ಕಾಚಾರ ಅವನದು. ಟೆಲಿವಿಷನ್, ಡೇರೆ ಸಾಗಿಸುವ ವೆಚ್ಚ, ನಿದ್ದೆಗೆಡಲು ಒಲ್ಲದ ಪ್ರೇಕ್ಷಕ ಇವೆಲ್ಲ ಸೇರಿ ಟಿಕೆಟ್ಟಿನ ಆಟವನ್ನು ಕ್ರಮೇಣ ಕುಗ್ಗಿಸಿದವು. ಸಂಘಸಂಸ್ಥೆಗಳು ಮೊತ್ತ ಕೊಟ್ಟು ಆಡಿಸುವ ಕಂಟ್ರಾಕ್ಟ್ ಆಟ ಮುಖ್ಯವಾಯಿತು. ಅದರ ಮುಂದಿನ ಹೆಜ್ಜೆಯೇ ಮೇಳವನ್ನು ಬಿಟ್ಟು ಕಲಾವಿದರನ್ನು ಬಿಡಿಬಿಡಿಯಾಗಿ ಕರೆಸುವುದು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ, ಸುಧಾರಿಸಿದ ಹೆದ್ದಾರಿ, ಕೈಯಲ್ಲಿನ ಮೊಬೈಲ್ ಇವು ಆ ಹೆಜ್ಜೆಯನ್ನು ಸುಲಭ ಮಾಡಿದವು.

ಇದಕ್ಕೆ ಅರ್ಥಶಾಸ್ತ್ರದಲ್ಲಿ ವಿವರಣೆಗಳಿವೆ. ವಿಲಿಯಂ ಬೌಮಾಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಕಾರ್ಖಾನೆಯಲ್ಲಿ ಯಂತ್ರ ಬಂದು ಉತ್ಪಾದಕತೆ ಏರುತ್ತದೆ, ಕೂಲಿಯೂ ಏರುತ್ತದೆ. ಆದರೆ ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇಂದೂ ನಾಲ್ವರೇ ಬೇಕು, ಅಷ್ಟೇ ಸಮಯವೂ ಬೇಕು. ಹಾಗಾಗಿ ಪ್ರದರ್ಶನ ಕಲೆಗಳ ವೆಚ್ಚ ಉಳಿದೆಲ್ಲಕ್ಕಿಂತ ವೇಗವಾಗಿ ಏರುತ್ತ ಹೋಗುತ್ತದೆ. ಹಿಮ್ಮೇಳ ಮುಮ್ಮೇಳ ಸೇರಿ ಹದಿನೈದಿಪ್ಪತ್ತು ಮಂದಿ ಬೇಕಾದ ಯಕ್ಷಗಾನಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹದಿನೆಂಟರ ಹುಡುಗ ಮೇಳಕ್ಕೆ ಸೇರಿದರೆ ಬೆಂಗಳೂರಿನ ಡೆಲಿವರಿ ಕೆಲಸದ ಗಳಿಕೆಯನ್ನು ಕಳೆದುಕೊಂಡು ಸೇರಬೇಕು; 1960ರ ಅವನ ಅಜ್ಜ ಕಳೆದುಕೊಳ್ಳುತ್ತಿದ್ದುದು ಗದ್ದೆಯ ಕೂಲಿಯನ್ನು ಮಾತ್ರ.

ಎರಡನೆಯದು ಷರ್ವಿನ್ ರೋಸೆನ್ 1981ರಲ್ಲಿ ಬರೆದ, ತಾರೆಗಳ ಅರ್ಥಶಾಸ್ತ್ರದ ಕುರಿತ ಪ್ರಸಿದ್ಧ ಪ್ರಬಂಧ. ತಂತ್ರಜ್ಞಾನ ಒಬ್ಬನ ಕಲೆಯನ್ನು ಲಕ್ಷಾಂತರ ಜನರಿಗೆ ತಲಪಿಸುವಂತಾದಾಗ, ಪ್ರತಿಭೆಯಲ್ಲಿನ ಸಣ್ಣ ವ್ಯತ್ಯಾಸ ಗಳಿಕೆಯಲ್ಲಿ ಬಹುದೊಡ್ಡ ವ್ಯತ್ಯಾಸವಾಗುತ್ತದೆ ಎಂಬುದು ಅವರ ತರ್ಕ. ಅಲನ್ ಕ್ರೂಗರ್ ತಮ್ಮ 2019ರ ಪುಸ್ತಕದಲ್ಲಿ ಇದಕ್ಕೆ ಅಂಕಿಗಳನ್ನು ಒದಗಿಸಿದರು: ಸಂಗೀತ ಕಛೇರಿಗಳ ಒಟ್ಟು ಆದಾಯದಲ್ಲಿ ಮೇಲಿನ ಶೇಕಡಾ ಒಂದರಷ್ಟು ಕಲಾವಿದರ ಪಾಲು 1982ರಲ್ಲಿ ಶೇ 26 ಇದ್ದದ್ದು 2017ರ ಹೊತ್ತಿಗೆ ಶೇ 60ಕ್ಕೆ ಏರಿತ್ತು. ನಮ್ಮೂರಿನ ಆಟದ ಹತ್ತರಲ್ಲಿ ಆರು ರೂಪಾಯಿಯ ಲೆಕ್ಕ ಬರೆದಾಗ ನನಗೆ ನೆನಪಾದದ್ದು ಈ ಅಂಕಿ. ಎರಡು ಲೆಕ್ಕಗಳ ಅಳತೆ ಬೇರೆಬೇರೆ, ಹೋಲಿಕೆ ಸಡಿಲವಾದದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ ದಿಕ್ಕು ಒಂದೇ.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಗ್ಯಾರಿ ಬೆಕರ್ 1964ರಲ್ಲಿ ಮಾನವ ಬಂಡವಾಳವನ್ನು ಕುರಿತು ಬರೆದಾಗ ಒಂದು ಸೂಕ್ಷ್ಮವನ್ನು ಗುರುತಿಸಿದರು. ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ಕೌಶಲವನ್ನು ಯಾವ ಉದ್ಯಮಿಯೂ ತನ್ನ ಖರ್ಚಿನಲ್ಲಿ ಕಲಿಸುವುದಿಲ್ಲ. ಕಲಿತವನು ಹೆಚ್ಚು ಸಂಬಳ ಕೊಡುವವನ ಬಳಿಗೆ ಹೋದರೆ ಕಲಿಸಿದವನಿಗೆ ನಷ್ಟ. ಕಲಾವಿದ ವರ್ಷಪೂರ್ತಿ ಒಂದೇ ಮೇಳದಲ್ಲಿ ಇರುತ್ತಿದ್ದಾಗ ಯಜಮಾನನಿಗೆ ಕಲಿಸಿದ್ದರ ಫಲ ಕೆಲವು ವರ್ಷವಾದರೂ ಸಿಗುತ್ತಿತ್ತು. ಈಗ ಫಲವನ್ನು ಉಣ್ಣುವವನು ಒಂದು ರಾತ್ರಿಯ ಸಂಘಟಕ. ಅವನು ಸಿದ್ಧವಾದ ಕಲಾವಿದನಿಗೆ ಒಳ್ಳೆಯ ಬೆಲೆ ಕೊಡುತ್ತಾನೆ, ಆ ಸಿದ್ಧತೆಗೆ ಮಾತ್ರ ಕಾಸು ಕೊಡುವುದಿಲ್ಲ. ಇದರಲ್ಲಿ ಅವನ ಕೆಟ್ಟತನವಿಲ್ಲ. ನಮ್ಮ ಸಮಿತಿಯಲ್ಲಿ ಹತ್ತು ಮಂದಿ ಇದ್ದೆವು, ಎಲ್ಲರೂ ಯಕ್ಷಗಾನದ ಭಕ್ತರೇ. ಆದರೂ ಅಂದಾಜು ಪಟ್ಟಿಯಲ್ಲಿ ಕಲಿಯುವವರಿಗೆಂದು ಒಂದು ಸಾಲು ಇರಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಆ ಪಟ್ಟಿಗೆ ರುಜು ಹಾಕಿದವನು ನಾನು.

ಹಾಗೆಂದು ಹಳೆಯ ಮೇಳಗಳನ್ನು ಸ್ವರ್ಗವೆಂದು ಬಣ್ಣಿಸುವುದು ಅಪ್ರಾಮಾಣಿಕತೆ. ಮುಂಗಡದ ಸಾಲದಲ್ಲಿ ಸಿಕ್ಕಿ ಮೇಳ ಬಿಡಲಾಗದೆ ದುಡಿದ ಕಲಾವಿದರ ಕಥೆಗಳು ನಮ್ಮ ಕಡೆ ಮನೆಮನೆಯಲ್ಲಿ ಇವೆ. ವರ್ಷದ ಆರು ತಿಂಗಳು ನಿದ್ದೆಯಿಲ್ಲ, ಮಳೆಗಾಲದಲ್ಲಿ ಆದಾಯವಿಲ್ಲ, ಮುಪ್ಪಿನಲ್ಲಿ ಪಿಂಚಣಿಯಿಲ್ಲ. ಒಬ್ಬ ಶ್ರೇಷ್ಠ ವೇಷಧಾರಿಯ ಕಾಲು ನೋವಿಗೆ ಯಾರೂ ಪರಿಹಾರ ಕೊಡುತ್ತಿರಲಿಲ್ಲ. ಬಿಡಿ ಆಟಗಳು ಬಂದ ಮೇಲೆ ಕಲಾವಿದನಿಗೆ ತನ್ನ ಬೆಲೆಯನ್ನು ತಾನು ಹೇಳುವ ಧೈರ್ಯ ಬಂತು. ಅವನ ಮಕ್ಕಳು ಓದಿದರು, ಮನೆಗೆ ಹಂಚು ಹೋಗಿ ಕಾಂಕ್ರೀಟು ಬಂತು. ಹನ್ನೊಂದೂಕಾಲಿಗೆ ಬಂದು ಹನ್ನೆರಡಕ್ಕೆ ಹೊರಟ ಆ ಕಲಾವಿದರನ್ನು ನಾನು ದೂರಲಾರೆ. ಅವರ ಮುಂದೆ ಉಳಿದಿರುವುದು ಕಾಲಲ್ಲಿ ಶಕ್ತಿಯಿರುವ ಹತ್ತು ಹದಿನೈದು ವರ್ಷಗಳು ಮಾತ್ರ. ಆಮೇಲಿನ ಬದುಕಿಗೆ ಅವರು ಈಗಲೇ ದುಡಿಯಬೇಕು.

ಅತಿಥಿ ಕಲಾವಿದರ ಪದ್ಧತಿಯೂ ಹೊಸದಲ್ಲ. ತಾಳಮದ್ದಲೆಯ ಸ್ವರೂಪವೇ ಅದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಇಂದು ಒಬ್ಬರೆದುರು, ನಾಳೆ ಇನ್ನೊಬ್ಬರೆದುರು ಕುಳಿತು ಮಾತಿನ ಮಂಟಪ ಕಟ್ಟಿದರು. ಅಪರಿಚಿತ ಎದುರಾಳಿಯೇ ಅಲ್ಲಿನ ಸ್ವಾರಸ್ಯ. ಹಿಂದೂಸ್ತಾನಿ ಸಂಗೀತದಲ್ಲೂ ಅಂಥ ನಿದರ್ಶನವಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಶಿಷ್ಯ ಭೀಮಸೇನ ಜೋಶಿಯವರು 1953ರಿಂದ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ನಡೆಸಿದರು. ಪ್ರತಿ ವರ್ಷ ಬೇರೆ ಬೇರೆ ಪ್ರಸಿದ್ಧರು ಹಾಡುವ ಆ ವೇದಿಕೆಯಿಂದ ಸಂಗೀತಕ್ಕೆ ಹಾನಿಯಾಗಿಲ್ಲ, ಲಾಭವೇ ಆಗಿದೆ. ಆದರೆ ಗಾಯಕ ಒಬ್ಬಂಟಿಯಾಗಿ ಪೂರ್ಣನಾದ ಕಲಾವಿದ. ಅವನ ಕಲಿಕೆ ಗುರುವಿನ ಮನೆಯಲ್ಲಿ ನಡೆಯುತ್ತದೆ, ಉತ್ಸವದ ವೇದಿಕೆ ಅದನ್ನು ತೋರಿಸುತ್ತದೆ. ಯಕ್ಷಗಾನದ ಆಟದಲ್ಲಿ ಕಲಿಯುವ ಜಾಗವೂ ತೋರಿಸುವ ಜಾಗವೂ ಒಂದೇ ರಂಗಸ್ಥಳ. ಆ ರಂಗಸ್ಥಳವನ್ನು ಪೂರ್ತಿಯಾಗಿ ತೋರಿಸುವುದಕ್ಕೆ ಬಿಟ್ಟುಕೊಟ್ಟರೆ ಕಲಿಯುವುದಕ್ಕೆ ಬೇರೆ ಜಾಗ ಉಳಿಯುವುದಿಲ್ಲ.

ಇದಕ್ಕೆ ಉತ್ತರ ಹುಡುಕಿದವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಡೇರೆ ಕಟ್ಟಿ ಟಿಕೆಟಿನ ತಿರುಗಾಟವನ್ನೂ ಮಾಡಿ ನೋಡಿತು, ಅದರಿಂದ ಹಿಂದೆ ಸರಿದು ಸೀಮಿತ ಅವಧಿಯ, ಅಚ್ಚುಕಟ್ಟಾದ ಪ್ರದರ್ಶನದ ದಾರಿಯನ್ನೂ ಹಿಡಿಯಿತು. ದೆಹಲಿಯಲ್ಲಿ ಮಾಯಾರಾವ್ ಅವರ ಬಳಿ ನೃತ್ಯಸಂಯೋಜನೆ ಕಲಿತು ಬಂದ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಎಂಬ ಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಮೇಳ ಮಾತ್ರ ಸಾಲದು, ಶಾಲೆಯೂ ಬೇಕೆಂದು ಅವರಿಗೆ ಅಷ್ಟು ಬೇಗ ಹೊಳೆದಿತ್ತು. 2009ರ ಫೆಬ್ರುವರಿಯಲ್ಲಿ ಇಡಗುಂಜಿಯ ರಥೋತ್ಸವದ ರಾತ್ರಿ, ವೇಷ ಕಟ್ಟಿ ರಂಗದಲ್ಲಿದ್ದಾಗಲೇ ಅಸ್ವಸ್ಥರಾಗಿ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಗುಣವಂತೆಯಲ್ಲಿ ನಡೆಯುತ್ತ ಬಂದಿರುವ ರಾಷ್ಟ್ರೀಯ ನಾಟ್ಯೋತ್ಸವವೂ ಸಂಸ್ಮರಣೆಯೇ, ಅಲ್ಲಿಯೂ ಹೊರಗಿನ ಕಲಾವಿದರು ಬರುತ್ತಾರೆ. ಆದರೆ ಅದರ ಬೆನ್ನಿಗೆ ಒಂದು ಮೇಳವೂ ಒಂದು ಶಾಲೆಯೂ ಇವೆ. ನಮ್ಮೂರಿನ ಸಂಸ್ಮರಣೆಯ ಬೆನ್ನಿಗೆ ಒಂದು ರಸೀದಿ ಪುಸ್ತಕ ಮಾತ್ರ ಇದೆ.

ತಾರಾಮೌಲ್ಯವನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸಿದ ನಿದರ್ಶನಗಳೂ ಇವೆ. ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಮಕ್ಕಳ ಓದಿಗೆ, ಮನೆ ಕಟ್ಟಿಕೊಡುವುದಕ್ಕೆ, ಕಷ್ಟಕಾಲದ ನೆರವಿಗೆ ದಾನಿಗಳ ಹಣವನ್ನು ಶಿಸ್ತಿನಿಂದ ವಿನಿಯೋಗಿಸುತ್ತ ಬಂದಿದೆ. ತೆಂಕಿನ ಜನಪ್ರಿಯ ಭಾಗವತ ಪಟ್ಲ ಸತೀಶ ಶೆಟ್ಟಿಯವರು ತಮ್ಮ ಹೆಸರಿನ ಆಕರ್ಷಣೆಯನ್ನೇ ಬಂಡವಾಳವಾಗಿಸಿ ಕಲಾವಿದರ ನೆರವಿಗೆ ಪ್ರತಿಷ್ಠಾನವೊಂದನ್ನು ಕಟ್ಟಿದರು. ಸರ್ಕಾರ ಕೊಡಬೇಕಾಗಿದ್ದ ವಿಮೆಯನ್ನು ಇಲ್ಲಿ ಸಮಾಜವೇ ಕೊಡುತ್ತಿದೆ. ಇವು ಮುಖ್ಯವಾಗಿ ಕಲಾವಿದನಾದವನ ಕ್ಷೇಮದ ಕೆಲಸಗಳು. ಕಲಾವಿದನಾಗಬೇಕಾದವನ ರಂಗದ ರಾತ್ರಿಗಳನ್ನು ಹೆಚ್ಚಿಸುವ ಕೆಲಸ ಇನ್ನೊಂದು ಬಗೆಯದು. ಶಾಲೆಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುವ ಪ್ರಯತ್ನಗಳು ಸ್ತುತ್ಯವೇ. ಅವು ಒಳ್ಳೆಯ ಪ್ರೇಕ್ಷಕರನ್ನು, ಒಳ್ಳೆಯ ಹವ್ಯಾಸಿಗಳನ್ನು ಕೊಡುತ್ತವೆ. ವೃತ್ತಿಯವನು ತಯಾರಾಗುವುದಕ್ಕೆ ನೂರಾರು ರಾತ್ರಿಗಳೇ ಬೇಕು.

ಆದ್ದರಿಂದ ಮೂರು ಸಣ್ಣ ಸಲಹೆಗಳನ್ನು ಮುಂದಿಡುತ್ತೇನೆ. ಮೊದಲನೆಯದು ಸಂಘಟಕರಿಗೆ. ಪ್ರತಿ ಸಂಸ್ಮರಣೆಯ ಅಂದಾಜು ಪಟ್ಟಿಯಲ್ಲಿ ಹತ್ತನೆಯ ಒಂದು ಪಾಲನ್ನು ಕಲಿಕೆಗೆಂದು ತೆಗೆದಿಡಬೇಕು. ಅದನ್ನು ಸಮೀಪದ ತರಬೇತಿ ಕೇಂದ್ರಕ್ಕೋ, ಎಳೆಯ ಕಲಾವಿದರನ್ನು ವರ್ಷಪೂರ್ತಿ ಇಟ್ಟುಕೊಂಡಿರುವ ಮೇಳಕ್ಕೋ ಕೊಡಬಹುದು. ಒಂದು ಶಾಲು, ಎರಡು ಫ್ಲೆಕ್ಸು, ಅರ್ಧ ಗಂಟೆಯ ಭಾಷಣ ಕಡಿಮೆ ಮಾಡಿದರೆ ಈ ಪಾಲಿನ ಬಹುಭಾಗ ಹೊರಡುತ್ತದೆ. ಖಜಾಂಚಿಯಾಗಿ ನಾನು ಇದನ್ನು ಖಚಿತವಾಗಿ ಹೇಳಬಲ್ಲೆ.

ಎರಡನೆಯದು ಆಟದ ವಿನ್ಯಾಸಕ್ಕೆ ಸಂಬಂಧಿಸಿದ್ದು. ಕಲಾವಿದರನ್ನು ಬಿಡಿಬಿಡಿಯಾಗಿ ಆರಿಸುವ ಮೊದಲು ಒಂದು ಮೇಳಕ್ಕೆ ವೀಳ್ಯ ಕೊಡಬೇಕು. ಆಟದ ಮೊದಲ ಭಾಗ ಆ ಮೇಳದ್ದೇ ಆಗಿರಲಿ, ಪೂರ್ವರಂಗವೂ ಇರಲಿ, ಹುಡುಗರು ತಪ್ಪುತ್ತ ಕುಣಿಯಲಿ. ಎರಡನೆಯ ಭಾಗಕ್ಕೆ ಅತಿಥಿಗಳು ಬರಲಿ. ಬಂದವರು ಆ ಮೇಳದ ಹುಡುಗರೊಂದಿಗೆ ರಂಗ ಹಂಚಿಕೊಳ್ಳಲಿ. ದೊಡ್ಡ ಕಲಾವಿದನೆದುರು ದೂತನಾಗಿ ನಿಂತ ಒಂದು ರಾತ್ರಿ ಹುಡುಗನಿಗೆ ಒಂದು ತಿಂಗಳ ಪಾಠ. ಒಂದು ಪಾತ್ರವನ್ನು ಮೂರು ತಾರೆಗಳಿಗೆ ಹಂಚುವುದಕ್ಕಿಂತ, ಒಬ್ಬರಿಗೆ ಇಡೀ ಪಾತ್ರ ಕೊಟ್ಟು ಪಾತ್ರದ ಬೆಳವಣಿಗೆಯನ್ನು ನೋಡುವ ತಾಳ್ಮೆಯನ್ನು ಪ್ರೇಕ್ಷಕರಾದ ನಾವೂ ಬೆಳೆಸಿಕೊಳ್ಳಬೇಕು.

ಮೂರನೆಯದು ಸರ್ಕಾರಕ್ಕೆ, ಅಂದರೆ ನಾನು ದುಡಿದ ವ್ಯವಸ್ಥೆಗೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘಸಂಸ್ಥೆಗಳಿಗೆ ಕಾರ್ಯಕ್ರಮಗಳಿಗಾಗಿ ಧನಸಹಾಯ ನೀಡುತ್ತದೆ, ಹಿರಿಯ ಕಲಾವಿದರಿಗೆ ಮಾಸಾಶನ ನೀಡುತ್ತದೆ. ಒಂದು ಸಹಾಯ ನಡೆದುಹೋಗುವ ದಿನಕ್ಕೆ, ಇನ್ನೊಂದು ನಡೆದುಹೋದ ಬಾಳಿಗೆ. ನಡುವೆ, ಹದಿನೆಂಟರಿಂದ ಇಪ್ಪತ್ತೈದರವರೆಗಿನ ಏಳು ವರ್ಷಗಳಲ್ಲಿ ಹುಡುಗನೊಬ್ಬ ಮೇಳದಲ್ಲಿ ಉಳಿಯುವನೋ ಬಸ್ಸು ಹತ್ತುವನೋ ಎಂಬುದು ತೀರ್ಮಾನವಾಗುತ್ತದೆ. ಧನಸಹಾಯದ ಒಂದು ಭಾಗವನ್ನಾದರೂ ರಂಗದ ರಾತ್ರಿಗಳಿಗೆ ಜೋಡಿಸಬೇಕು. ಇಪ್ಪತ್ತೈದರೊಳಗಿನ ಕಲಾವಿದ ವರ್ಷದಲ್ಲಿ ನೂರು ರಾತ್ರಿ ವೇಷ ಕಟ್ಟಿದ್ದಾನೆಂದು ಮೇಳ ದಾಖಲೆ ಕೊಟ್ಟರೆ, ಅವನಿಗೂ ಮೇಳಕ್ಕೂ ನಿಗದಿತ ಶಿಷ್ಯವೇತನ ಸಿಗಬೇಕು. ಸುಳ್ಳು ದಾಖಲೆಗಳು ಬರುತ್ತವೆಂಬ ಆಕ್ಷೇಪವನ್ನು ನಾನು ಊಹಿಸಬಲ್ಲೆ; ಅಂಥ ಟಿಪ್ಪಣಿಗಳನ್ನು ನಾನೇ ಎಷ್ಟೋ ಕಡತಗಳಲ್ಲಿ ಬರೆದಿದ್ದೇನೆ. ಊರೆಲ್ಲ ನೋಡುವ ಆಟಕ್ಕೆ ಸಾಕ್ಷಿ ಹುಡುಕುವುದು ಕೆರೆಯ ಹೂಳಿನ ಲೆಕ್ಕಕ್ಕೆ ಸಾಕ್ಷಿ ಹುಡುಕುವಷ್ಟು ಕಷ್ಟವಲ್ಲ. ಕರ್ನಾಟಕ ಯಕ್ಷಗಾನ ಅಕಾಡೆಮಿ ಇದರ ಹೊಣೆ ಹೊರಬಹುದು.

ಇಷ್ಟಾದರೂ ನೂರ ಎಂಬತ್ತು ರಾತ್ರಿಗಳ ಕಾಲ ಮರಳಿ ಬರುವುದಿಲ್ಲ ಎಂಬುದು ನನಗೆ ಗೊತ್ತು. ಬರಬೇಕೆಂದು ಬಯಸುವುದೂ ಆ ಹುಡುಗನ ನಿದ್ದೆಯ ಬಗ್ಗೆ ನಾವು ಉದಾರಿಗಳಾದಂತೆ. ನೂರು ರಾತ್ರಿಗಳಾದರೂ ಸಾಕು. ಇಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತಿರುವ ಹದಿನಾಲ್ಕು ಭಾವಚಿತ್ರಗಳಲ್ಲಿ ಹೆಚ್ಚಿನವರು ಐವತ್ತು ದಾಟಿದವರು, ಮೇಳಗಳು ತುಂಬಿದ್ದ ಕಾಲದಲ್ಲಿ ತಯಾರಾದವರು. ನಾವು ಪ್ರತಿ ವರ್ಷ ಕರೆಸುತ್ತಿರುವುದು ಆ ಕಾಲದ ಉಳಿತಾಯವನ್ನು. ಉಳಿತಾಯದಿಂದ ತೆಗೆಯುತ್ತಲೇ ಇದ್ದು ಒಮ್ಮೆಯೂ ಕಟ್ಟದಿದ್ದರೆ ಪುಸ್ತಕದಲ್ಲಿ ಏನು ಉಳಿಯುತ್ತದೆಂದು ಹೇಳಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಇನ್ನು ಇಪ್ಪತ್ತು ವರ್ಷಗಳ ಮೇಲೆ ಇವರ ಸಂಸ್ಮರಣೆಗಳು ನಡೆಯುವಾಗ ವೇಷ ಕಟ್ಟುವವರು ಯಾರು?

ದೀಪಾವಳಿಗೆ ಮುಂಚೆ ನಮ್ಮ ಸಮಿತಿಯ ಸಭೆ ಸೇರುತ್ತದೆ. ಕಲಿಕೆಗೆಂದು ಹತ್ತನೆಯ ಒಂದು ಪಾಲು ಎಂಬ ಸಾಲನ್ನು ನಾನು ಅಂದಾಜು ಪಟ್ಟಿಯಲ್ಲಿ ಈಗಾಗಲೇ ಬರೆದಿಟ್ಟಿದ್ದೇನೆ. ಅದರ ಪರಿಣಾಮವಾಗಿ ಈ ಸಲ ಇಬ್ಬರು ಅತಿಥಿಗಳನ್ನು ಕಡಿಮೆ ಮಾಡಬೇಕಾಗುತ್ತದೆ. ಮೈದಾನದಲ್ಲಿ ಕೆಲವು ಕುರ್ಚಿಗಳು ಖಾಲಿ ಉಳಿಯಲೂಬಹುದು. ಸಭೆಯಲ್ಲಿ ವಿರೋಧ ಬರುತ್ತದೆಂದೂ ಬಲ್ಲೆ. ಆದರೆ ಆ ಹಿರಿಯ ಕಲಾವಿದರ ಹೆಸರನ್ನು ಫಲಕದ ಮೇಲೆ ಬರೆಸುವ ನಾವು, ಅವರು ಕೋಡಂಗಿಯಾಗಿ ಮೊದಲ ಹೆಜ್ಜೆ ಹಾಕಿದಾಗ ಅವರಿಗೂ ಯಾರೋ ಊಟವಿಟ್ಟು ಕಾದಿದ್ದರೆಂಬುದನ್ನು ನೆನಪಿಡಬೇಕು. ಕಳೆದ ವರ್ಷ ಇಪ್ಪತ್ತಾರು ಆಟ ಕುಣಿದ ಆ ಹುಡುಗ ಈ ವರ್ಷವೂ ನಮ್ಮ ಚೌಕಿಗೆ ಬರುವನೆಂಬ ಭರವಸೆಯಲ್ಲಿ ನಾನು ಆ ಸಾಲನ್ನು ಹೊಡೆದುಹಾಕದೆ ಸಭೆಗೆ ಒಯ್ಯುತ್ತೇನೆ.